ಸಹಾರಾದ ಗಿಟಾರಿಗೂ ಪುರವಣಿಯಲ್ಲಿ ಜಾಗ ಕೊಡಿ

ಮಾನ್ಯ ಸಂಪಾದಕರೇ,

ಪಶ್ಚಿಮ ಆಫ್ರಿಕಾದ ಮಾಲಿ, ನೈಜರ್ ಎಂಬ ದೇಶಗಳ ಹೆಸರುಗಳು ನಮ್ಮ ಪತ್ರಿಕೆಗಳ ವಿದೇಶ ಪುಟಕ್ಕೆ ಬರುವುದು ಹೆಚ್ಚಾಗಿ ಎರಡೇ ಕಾರಣಕ್ಕೆ. ಒಂದೋ ಸೇನೆ ಸರ್ಕಾರವನ್ನು ಉರುಳಿಸಿರುತ್ತದೆ, ಇಲ್ಲವೇ ಉಗ್ರರು ಎಲ್ಲೋ ದಾಳಿ ಮಾಡಿರುತ್ತಾರೆ. ಆ ಸುದ್ದಿ ಬೇಡ ಅನ್ನುತ್ತಿಲ್ಲ. ಆದರೆ ಅಲ್ಲಿನ ಸಹಾರಾ ಮರಳುಗಾಡಿನ ಟುವಾರೆಗ್ ಎಂಬ ಅಲೆಮಾರಿ ಜನ ಗಿಟಾರ್ ಹಿಡಿದು ಕಟ್ಟಿದ ಸಂಗೀತದ ಬಗ್ಗೆ ಕನ್ನಡ ಪತ್ರಿಕೆಗಳಲ್ಲಿ ನಾನಂತೂ ಒಂದು ಲೇಖನವನ್ನೂ ಓದಿಲ್ಲ. ಯೂಟ್ಯೂಬ್ ತಾನಾಗಿ ತಂದು ಮುಂದಿಟ್ಟ ಒಂದು ವಿಡಿಯೊದಿಂದ ನನಗೆ ಇದರ ಪರಿಚಯವಾಯಿತು, ಈಗ ದಿನಾ ಕೇಳುತ್ತಿದ್ದೇನೆ. ಅದಕ್ಕೇ ಈ ಪತ್ರ.

ಮೊದಲು ಹೇಳಬೇಕಾದ್ದು ಟಿನಾರಿವೆನ್ ತಂಡದ ಬಗ್ಗೆ. ಅದರ ಹಿರಿಯ ಇಬ್ರಾಹಿಂ ಅಗ್ ಅಲ್ಹಬೀಬ್ ಉತ್ತರ ಮಾಲಿಯ ತೆಸ್ಸಾಲಿತ್ ಕಡೆಯವರು. ಮಾಲಿ ಸರ್ಕಾರದ ವಿರುದ್ಧ 1963ರಲ್ಲಿ ಎದ್ದ ಟುವಾರೆಗ್ ದಂಗೆಯ ಹೊತ್ತಿನಲ್ಲಿ ಅವರ ಅಪ್ಪನನ್ನು ಕೊಂದರು. ಆಗ ಇವರಿನ್ನೂ ಪುಟ್ಟ ಮಗು. ಕುಟುಂಬ ಗಡಿ ದಾಟಿ ಅಲ್ಜೀರಿಯಾ ಸೇರಿತು. ಮುಂದೆ ಆ ಹುಡುಗ ತಗಡಿನ ಡಬ್ಬ, ಒಂದು ಕೋಲು, ಸೈಕಲ್ ಬ್ರೇಕಿನ ತಂತಿ ಸೇರಿಸಿ ತನ್ನ ಮೊದಲ ಗಿಟಾರ್ ಮಾಡಿಕೊಂಡ. 1970ರ ದಶಕದ ಬರಗಾಲದಲ್ಲಿ ಒಂಟೆ, ದನ, ಮೇಕೆ ಎಲ್ಲ ಸತ್ತು ಇಂಥ ಎಷ್ಟೋ ಯುವಕರು ಕೂಲಿ ಹುಡುಕಿಕೊಂಡು ಅಲ್ಜೀರಿಯಾ, ಲಿಬಿಯಾ ಅಂತ ಅಲೆದರು, ಆ ಅಲೆದಾಟದಲ್ಲೇ ಸುಮಾರು 1979ರಲ್ಲಿ ಅಲ್ಜೀರಿಯಾದ ತಮನ್ರಾಸೆತ್ ಊರಿನಲ್ಲಿ ಈ ತಂಡ ಕೂಡಿಕೊಂಡಿತು. ಆಮೇಲೆ ಲಿಬಿಯಾದಲ್ಲಿ ಗಡಾಫಿ ನಡೆಸುತ್ತಿದ್ದ ಸೈನಿಕ ಶಿಬಿರಗಳಲ್ಲಿ ಇವರು ಬಂದೂಕು ಹಿಡಿಯುವುದನ್ನೂ ಕಲಿತರು, ಹಾಡನ್ನೂ ಬಿಡಲಿಲ್ಲ. ಯಾರಾದರೂ ಖಾಲಿ ಕ್ಯಾಸೆಟ್ ತಂದರೆ ದುಡ್ಡು ತೆಗೆದುಕೊಳ್ಳದೆ ಹಾಡಿ ತುಂಬಿಕೊಡುತ್ತಿದ್ದರಂತೆ. ಆ ಕ್ಯಾಸೆಟ್ಟುಗಳು ಕೈಯಿಂದ ಕೈಗೆ ನಕಲಾಗುತ್ತಾ ಇಡೀ ಸಹಾರಾ ಸುತ್ತಿದವು. 1990ರ ಟುವಾರೆಗ್ ದಂಗೆಯಲ್ಲಿ ತಂಡದ ಕೆಲವರು ಹೋರಾಡಿದರು, ಒಪ್ಪಂದವಾದ ಮೇಲೆ ಬಂದೂಕು ಕೆಳಗಿಟ್ಟು ಸಂಗೀತವನ್ನೇ ಹಿಡಿದರು.

ಈ ಸಂಗೀತವನ್ನು ಅಮೆರಿಕದ ಕಪ್ಪುಜನರ ಹಾಡಿನ ಶೈಲಿಯ ಹೆಸರಿನಿಂದ ಬ್ಲೂಸ್ ಅಂತ ಕರೆಯುತ್ತಾರೆ ನಿಜ, ಆದರೆ ಇದು ಅಮೆರಿಕದಿಂದ ತಂದ ಸರಕಲ್ಲ. ಹೆಂಗಸರು ಒರಳಿಗೆ ಮೇಕೆ ಚರ್ಮ ಬಿಗಿದು ಬಾರಿಸುವ ತಿಂಡೆ, ಅವರೇ ನುಡಿಸುವ ಒಂಟಿ ತಂತಿಯ ಇಮ್ಜಾದ್, ಇವೆಲ್ಲ ಇದರ ಬೇರು. ಹೆಂಡ್ರಿಕ್ಸ್, ಬಾಬ್ ಮಾರ್ಲಿ, ಬೋನಿ ಎಂ ಮುಂತಾದ ಹೊರದೇಶದ ಹಾಡುಗಾರರ ಕ್ಯಾಸೆಟ್ಟುಗಳೂ ಅವರ ಕಿವಿಗೆ ಬಿದ್ದಿವೆ, ಅದು ಬೇರೆ ಮಾತು. ತತ್ವಪದ ಹಾಡುವವರ ಏಕತಾರಿ ಹೇಗೆ ಒಂದೇ ಸ್ವರವನ್ನು ಹಿಡಿದುಕೊಂಡೇ ಇರುತ್ತದೋ, ಹಾಗೆ ಇಲ್ಲಿ ಗಿಟಾರಿನ ದಪ್ಪ ತಂತಿಯೊಂದು ಕೆಳಗೆ ಮೊರೆಯುತ್ತಲೇ ಇರುತ್ತದೆ, ಅದರ ಮೇಲೆ ರಾಗ ಸುತ್ತಿ ಸುತ್ತಿ ಬರುತ್ತದೆ. ಜೊತೆಗೆ ಚಪ್ಪಾಳೆ, ಹಿಂದಿನಿಂದ ಹೆಂಗಸರ ದನಿ. ನನಗೆ ಟುವಾರೆಗರ ತಮಾಶೆಕ್ ಭಾಷೆಯ ಒಂದು ಪದವೂ ಬರುವುದಿಲ್ಲ, ಆದರೂ ಕೇಳಿದಷ್ಟೂ ಸಾಲದು.

ಭಾಷೆ ಬರದಿದ್ದರೂ ಹಾಡಿನ ಹಿಂದೆ ಏನಿದೆ ಅಂತ ತಿಳಿದು ಕೇಳಬೇಕು ಅನ್ನೋದು ನನ್ನ ವಾದ. ಒಂಟೆ, ಪೇಟ, ಸೂರ್ಯಾಸ್ತದ ಚಿತ್ರ ಹಾಕಿ 'ಮನಸ್ಸಿಗೆ ನೆಮ್ಮದಿ ಕೊಡುವ ಸಂಗೀತ' ಅಂತ ಹಂಚುವುದನ್ನು ನೋಡಿದರೆ ಬೇಜಾರಾಗುತ್ತದೆ. 2012ರ ಫೆಬ್ರವರಿಯಲ್ಲಿ ಟಿನಾರಿವೆನ್‌ಗೆ 'ತಸ್ಸಿಲಿ' ಆಲ್ಬಮ್ಮಿಗಾಗಿ ಅಮೆರಿಕದ ಗ್ರ್ಯಾಮಿ ಸಂಗೀತ ಪ್ರಶಸ್ತಿ ಬಂತು. ಅದೇ ವರ್ಷ ಉತ್ತರ ಮಾಲಿಯನ್ನು ಹಿಡಿದ ಜಿಹಾದಿ ಗುಂಪುಗಳು ಸಂಗೀತವನ್ನೇ ನಿಷೇಧಿಸಿದವು, ವಾದ್ಯಗಳನ್ನು ಸುಟ್ಟವು. ತಂಡ ತನ್ನ ಮುಂದಿನ ಆಲ್ಬಮ್ಮನ್ನು ಕ್ಯಾಲಿಫೋರ್ನಿಯಾದ ಮರುಭೂಮಿಗೆ ಹೋಗಿ ಧ್ವನಿಮುದ್ರಿಸಬೇಕಾಯಿತು. ಮಾಲಿಯ ಟಿಂಬಕ್ಟು ಊರಿನ ಕಡೆ ನಡೆಯುತ್ತಿದ್ದ ಮರುಭೂಮಿ ಸಂಗೀತೋತ್ಸವವೂ ಅಲ್ಲಿಗೆ ನಿಂತುಹೋಯಿತು.

ಇನ್ನು ನೈಜರ್. 2023ರ ಜುಲೈನಲ್ಲಿ ಅಲ್ಲಿ ಸೇನೆ ಅಧಿಕಾರ ಹಿಡಿದ ಸುದ್ದಿ ನಮ್ಮಲ್ಲೂ ಬಂತು, ಅಲ್ವಾ? ಆಗ ಅಮೆರಿಕ ಪ್ರವಾಸದಲ್ಲಿದ್ದ ಎಮ್ಡೂ ಮೊಕ್ತಾರ್ ತಂಡ ಊರಿಗೆ ಮರಳಲಾಗದೆ ಅಲ್ಲೇ ಸಿಕ್ಕಿಹಾಕಿಕೊಂಡಿತು. ಈ ಮೊಕ್ತಾರ್ ಎಡಗೈಯಲ್ಲಿ ನುಡಿಸುವ ಅದ್ಭುತ ಗಿಟಾರ್ ವಾದಕ. ಮೊದಮೊದಲು ಇವರ ಹಾಡುಗಳು ಹರಡಿದ್ದು ಮೊಬೈಲ್ ಮೆಮೊರಿ ಕಾರ್ಡುಗಳ ಮೂಲಕ. ಫ್ರಾನ್ಸ್ ಆಫ್ರಿಕಾಕ್ಕೆ ಮಾಡಿದ ಅನ್ಯಾಯವನ್ನು ನೇರವಾಗಿಯೇ ಹಾಡುತ್ತಾರೆ. ಅದೇ ದೇಶದ ಇಲ್ಲಿಗಾದಾದ್ ಹಳ್ಳಿಯ ಫಾತೂ ಸೈದಿ ಘಾಲಿ ಅಣ್ಣನ ಗಿಟಾರ್ ಎತ್ತಿಕೊಂಡು ತಾನೇ ಕಲಿತು, ಗಂಡಸರೇ ತುಂಬಿದ್ದ ಈ ಸಂಗೀತದಲ್ಲಿ ಹೆಂಗಸರದೇ ತಂಡ ಕಟ್ಟಿದಾಕೆ. ತಿಂಡೆ ಮತ್ತು ಗಿಟಾರ್ ಒಟ್ಟಿಗೆ ಕೇಳಬೇಕೆಂದರೆ ಅವರ ಹಾಡು ಕೇಳಿ.

ಸಂಪಾದಕರಲ್ಲಿ ನನ್ನ ಕೋರಿಕೆ ಇಷ್ಟೇ. ಭಾನುವಾರದ ಪುರವಣಿಯಲ್ಲಿ ತಿಂಗಳಿಗೊಮ್ಮೆಯಾದರೂ ಇಂಥ ದೂರದ ಜನರ ಸಂಗೀತದ ಬಗ್ಗೆ, ಬಲ್ಲವರಿಂದ ಒಂದು ಪುಟ ಬರೆಸಿ. ಪಕ್ಕದಲ್ಲಿ ಒಂದು ಕ್ಯೂಆರ್ ಕೋಡ್ ಹಾಕಿದರೆ ಓದುಗರು ಓದುತ್ತಲೇ ಫೋನಿನಲ್ಲಿ ಕೇಳಬಹುದು.

– ನಿಮ್ಮ ಓದುಗ, ಧಾರವಾಡ