ಬುತ್ತಿ ಕೆಡಿಸುವುದು ತೇವ

ರಜೆ ಶುರುವಾಗುತ್ತಿದೆ. ಸಂಘದ ಅನೇಕ ಕುಟುಂಬಗಳು ಮಕ್ಕಳನ್ನು ಕೂರಿಸಿಕೊಂಡು ಕಾರಿನಲ್ಲಿ ದೂರದ ಪ್ರಯಾಣ ಹೊರಡುವ ಹೊತ್ತು. ಹಾಗಾಗಿ ಈ ಸಂಚಿಕೆಯ ಸಂಪಾದಕೀಯವನ್ನು ಬುತ್ತಿಗೆ ಮೀಸಲಿಟ್ಟಿದ್ದೇವೆ. ಕೂಲರ್ ಪೆಟ್ಟಿಗೆ, ಐಸ್ ಯಾವುದೂ ಇಲ್ಲದೆ ದಿನವಿಡೀ ಕೆಡದ, ಮೈಗೂ ಹಿತವಾದ ತಿನಿಸನ್ನು ಕಟ್ಟಿಕೊಳ್ಳುವುದು ಕಷ್ಟವಲ್ಲ. ಯಾವುದು ಏಕೆ ಕೆಡುತ್ತದೆ ಎಂದು ಗೊತ್ತಿದ್ದರೆ ಸಾಕು.

ಬಿಸಿಗೆ ತಿಂಡಿ ಕೆಡುತ್ತದೆ ಎನ್ನುವುದು ಅರ್ಧ ಮಾತು. ಬ್ಯಾಕ್ಟೀರಿಯಾ ಬೆಳೆಯಲು ಬೆಚ್ಚನೆಯ ಜೊತೆಗೆ ನೀರೂ ಬೇಕು. ಹುರಿದ ಬಾದಾಮಿ ಬಿಸಿಲಲ್ಲಿ ದಿನವಿಡೀ ಇದ್ದರೂ ಹೊಟ್ಟೆ ಕೆಡಿಸುವುದಿಲ್ಲ, ಬೇಯಿಸಿದ ಮೊಟ್ಟೆ ಕೆಡಿಸುತ್ತದೆ. ತೇವವಿರುವ, ಬೇಗ ಹಳಸುವ ಆಹಾರಕ್ಕೆ ಸುಮಾರು 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗಿನ ಶಾಖ ಅಪಾಯದ ವಲಯ. ಅಂಥದ್ದು ಹೊರಗೆ 2 ಗಂಟೆಗಿಂತ ಹೆಚ್ಚು ಇರಬಾರದು. ಸುತ್ತಲಿನ ಶಾಖ 32 ಡಿಗ್ರಿ ದಾಟಿದರೆ 1 ಗಂಟೆಯೇ ಮಿತಿ. ಹೊರಗೆ 27 ಡಿಗ್ರಿ ಇದ್ದರೂ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಅರ್ಧ ಗಂಟೆಯಲ್ಲಿ 45 ಡಿಗ್ರಿ ಆಗಿಬಿಡುತ್ತದೆ. ಊಟಕ್ಕೆಂದು ಒಮ್ಮೆ ಇಳಿದು ಬರುವಷ್ಟರಲ್ಲಿ ಆ ಗಂಟೆ ಮುಗಿದಿರುತ್ತದೆ.

ಆದ್ದರಿಂದ ಬೇಯಿಸಿದ ಮೊಟ್ಟೆ, ಮೊಸರು, ಮೆತ್ತನೆಯ ಚೀಸ್, ಹೆಚ್ಚಿದ ಕಲ್ಲಂಗಡಿ, ಅನ್ನದ ತಿನಿಸು ಇವೆಲ್ಲ ಪಟ್ಟಿಯಿಂದ ಹೊರಗೆ. ಅನ್ನದ ಬಗ್ಗೆ ಒಂದು ಮಾತು ಒತ್ತಿ ಹೇಳಬೇಕು. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಉಳಿದಷ್ಟು ಹೊತ್ತೂ ಅವು ಬೆಳೆಯುತ್ತವೆ, ವಾಂತಿ ಬರಿಸುವ ವಿಷ ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಮೂಸಿ ನೋಡಿದರೂ ಗೊತ್ತಾಗುವುದಿಲ್ಲ.

ಉಳಿಯುವುದು ಎರಡು ಗುಂಪು: ಪೂರ್ತಿ ಒಣಗಿದ್ದು, ಸಿಪ್ಪೆಯೊಳಗೆ ಇಡಿಯಾಗಿರುವುದು. ಬೀಜಗಳು, ಹುರಿದ ಕಾಳು, ಪಾಪ್‌ಕಾರ್ನ್, ಒಣಹಣ್ಣು, ಗೋಧಿಯ ಕ್ರ್ಯಾಕರ್, ಶೇಂಗಾ ಬೆಣ್ಣೆ ಮೊದಲ ಗುಂಪಿನವು. ಸೇಬು, ಕಿತ್ತಳೆ, ಬಾಳೆಹಣ್ಣು ಎರಡನೆಯದು. ಇಷ್ಟರಲ್ಲೇ ಪ್ರೋಟೀನ್, ನಾರು, ಸಿಹಿ ಎಲ್ಲ ಸಿಗುತ್ತದೆ. 23 ಬಾದಾಮಿ ಎಂದರೆ ಸುಮಾರು 28 ಗ್ರಾಂ. ಅದರಲ್ಲಿ 6 ಗ್ರಾಂ ಪ್ರೋಟೀನ್ ಇದೆ.

ಮನೆಯಲ್ಲೇ ಮಾಡುವುದಾದರೆ ಹುರಿದ ಕಾಬೂಲಿ ಕಡಲೆಗೆ ಸಮನಾದದ್ದು ಇಲ್ಲ. ಆದರೆ ಹೆಚ್ಚು ಕೆಡುವುದೂ ಇದೇ. 400 ಗ್ರಾಂ ಡಬ್ಬಿಯ ಬೆಂದ ಕಡಲೆಯನ್ನು ಬಸಿದರೆ ಸುಮಾರು 240 ಗ್ರಾಂ ಕಾಳು ಸಿಗುತ್ತದೆ. ತೊಳೆದು, ಬಟ್ಟೆಯ ಮೇಲೆ ಹರಡಿ, ಒರೆಸಿ ಅರ್ಧ ಗಂಟೆ ಆರಲು ಬಿಡಿ. ಓವನ್ 200 ಡಿಗ್ರಿಗೆ ಕಾದ ಮೇಲೆ ಒಂದೇ ಪದರವಾಗಿ ಹರಡಿ, ಎಣ್ಣೆ ಹಾಕದೆ 20 ನಿಮಿಷ ಹುರಿಯಿರಿ. ಆಮೇಲೆ ಎರಡು ಚಮಚ ಎಣ್ಣೆ ಸವರಿ ಇನ್ನೂ 15ರಿಂದ 20 ನಿಮಿಷ, ನಡುವೆ ಒಮ್ಮೆ ತಟ್ಟೆ ಅಲುಗಿಸಿ. ಓವನ್ ಆರಿಸಿ, ಬಾಗಿಲು ಸ್ವಲ್ಪ ತೆರೆದು ಅರ್ಧ ಗಂಟೆ ಒಳಗೇ ಬಿಡಿ. ಉಪ್ಪು ಖಾರ ಕೊನೆಗೆ. ಮೊದಲೇ ಹಾಕಿದರೆ ಖಾರದಪುಡಿ ಸೀದು ಕಹಿಯಾಗುತ್ತದೆ. ಒಂದು ಕಾಳನ್ನು ಪೂರ್ತಿ ಆರಿಸಿ ಕಚ್ಚಿ ನೋಡಿ. ಬಿಸಿಯಿದ್ದಾಗ ಗರಿಗರಿ ಎನಿಸಿದ್ದು ಆರಿದ ಮೇಲೆ ನಾರುನಾರಾಗಬಹುದು. ನಡು ಮೆತ್ತಗಿದ್ದರೆ ಒಳಗೆ ನೀರಿದೆ ಎಂದೇ ಅರ್ಥ: 150 ಡಿಗ್ರಿಯಲ್ಲಿ ಇನ್ನು 10 ನಿಮಿಷ ಇಡಿ. ಆಗಲೂ ಗರಿಯಾಗದಿದ್ದರೆ ಅಂದೇ ಮನೆಯಲ್ಲಿ ತಿಂದುಬಿಡಿ, ಪ್ರಯಾಣಕ್ಕೆ ಒಯ್ಯಬೇಡಿ. ಬೆಚ್ಚಗಿರುವಾಗ ಮುಚ್ಚಳ ಹಾಕಿದರೆ ಡಬ್ಬಿ ಒಳಗೆ ಬೆವರುತ್ತದೆ, ಆ ಹನಿಯೇ ಮತ್ತೆ ಕಾಳಿಗೆ ಇಳಿಯುತ್ತದೆ.

ಬೀಜ, ಒಣಹಣ್ಣು, ಅರಳಿಸಿದ ಧಾನ್ಯ ಬೆರೆಸಿದ ಮಿಶ್ರಣ ಎಲ್ಲರಿಗೂ ಇಷ್ಟ. ಬಾದಾಮಿಯಂಥ ಬೀಜ 2 ಪಾಲು, ಕುಂಬಳ ಅಥವಾ ಸೂರ್ಯಕಾಂತಿ ಬೀಜ 1, ಒಣಹಣ್ಣು 1, ಅರಳು ಧಾನ್ಯ 2 ಪಾಲು ಒಳ್ಳೆಯ ಅಳತೆ. ಆದರೆ ಮನೆಯಲ್ಲೇ ಬೆರೆಸಿಡಬೇಡಿ. ಒಣದ್ರಾಕ್ಷಿಯಲ್ಲಿ ಉಳಿದ ತೇವವನ್ನು ಧಾನ್ಯ ಹೀರಿಕೊಂಡು ಬೆಳಗಾಗುವಷ್ಟರಲ್ಲಿ ಮೆತ್ತಗಾಗುತ್ತದೆ, ದ್ರಾಕ್ಷಿ ಗಟ್ಟಿಯಾಗುತ್ತದೆ. ಎರಡು ಡಬ್ಬಿಯಲ್ಲಿ ಒಯ್ದು, ತಿನ್ನುವಾಗ ಬೆರೆಸಿ. ಒಣಹಣ್ಣಿನ ಪಾಲು ಏರಿಸುವ ಆಸೆಯನ್ನೂ ತಡೆಯಿರಿ: 40 ಗ್ರಾಂ ಒಣದ್ರಾಕ್ಷಿಯಲ್ಲಿ ಸುಮಾರು 25 ಗ್ರಾಂ ಸಕ್ಕರೆ ಇರುತ್ತದೆ. ಬೀಜಗಳನ್ನು ಉಪ್ಪಿಲ್ಲದ್ದೇ ಆರಿಸಿ. ಉಪ್ಪು ಬಾಯಾರಿಕೆ ತರುತ್ತದೆ, ಬಾಯಾರಿಕೆ ಶೌಚಾಲಯ ಹುಡುಕಿಸುತ್ತದೆ.

ಓಟ್ಸ್ ಬಿಲ್ಲೆಗೂ ಅದೇ ನಿಯಮ. 2 ಕಪ್ ಓಟ್ಸನ್ನು 175 ಡಿಗ್ರಿಯಲ್ಲಿ 10 ನಿಮಿಷ ಹುರಿದು ಆರಿಸಿ, ಬೀಜ ತೆಗೆದ 1 ಕಪ್ ಮೆತ್ತನೆಯ ಖರ್ಜೂರ ಮತ್ತು ಅರ್ಧ ಕಪ್ ಶೇಂಗಾ ಬೆಣ್ಣೆಯ ಜೊತೆ ಅರೆದು, ತಟ್ಟೆಯಲ್ಲಿ ಬಲವಾಗಿ ಒತ್ತಿ ಕತ್ತರಿಸಿ. ಪುಡಿಪುಡಿಯಾದರೆ ಇನ್ನೊಂದು ಚಮಚ ಶೇಂಗಾ ಬೆಣ್ಣೆ ಹಾಕಿ, ನೀರು ಬೇಡ. ಚಾಕೊಲೇಟ್ ಚೂರು ಸೇರಿಸಬೇಡಿ, 34 ಡಿಗ್ರಿಯ ಹೊತ್ತಿಗೆ ಅದು ಕರಗಿ ಸೀಟಿಗೆ ಮೆತ್ತಿಕೊಳ್ಳುತ್ತದೆ. ಜೊತೆಗೆ ಬರುವ ಯಾರಿಗಾದರೂ ಶೇಂಗಾ ಅಲರ್ಜಿ ಇದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಹಣ್ಣನ್ನು ಮನೆಯಲ್ಲೇ ತೊಳೆದು, ಪೂರ್ತಿ ಒರೆಸಿ ಕಟ್ಟಿ. ಹಸಿಯಾಗಿ ಚೀಲಕ್ಕೆ ಹಾಕಿದ ದ್ರಾಕ್ಷಿಗೆ ಬೇಗ ಬೂಷ್ಟು ಹಿಡಿಯುತ್ತದೆ. ಬಾಳೆಹಣ್ಣು ಬಿಡುವ ಎಥಿಲೀನ್ ಅನಿಲ ಪಕ್ಕದ ಹಣ್ಣುಗಳನ್ನೂ ಬೇಗ ಮಾಗಿಸುತ್ತದೆ, ಅದಕ್ಕೆ ಬೇರೆ ಚೀಲ ಕೊಡಿ, ಎಲ್ಲಕ್ಕಿಂತ ಮೇಲಿಡಿ. ಸೇಬನ್ನು ತಿನ್ನುವಾಗಲೇ ಹೆಚ್ಚಿ. ಗಡಿ ದಾಟುವ ಪ್ರಯಾಣವಾದರೆ ಹಣ್ಣು ಮತ್ತು ಬೀಜಗಳ ನಿಯಮ ನೋಡಿಕೊಳ್ಳಿ. ಒಯ್ಯಬಾರದೆಂದಿದ್ದರೆ ಗಡಿಗೆ ಮೊದಲೇ ತಿಂದು ಮುಗಿಸಿ.

ಚಿಕ್ಕ ಮಕ್ಕಳಿದ್ದರೆ ಮೇಲಿನ ಪಟ್ಟಿಯನ್ನು ಮತ್ತೆ ಸೋಸಬೇಕು. 4 ವರ್ಷದೊಳಗಿನವರಿಗೆ ಇಡೀ ಬೀಜ, ಪಾಪ್‌ಕಾರ್ನ್, ಹುರಿದ ಕಡಲೆ, ಇಡೀ ದ್ರಾಕ್ಷಿ, ಹಸಿ ಕ್ಯಾರೆಟ್ ತುಂಡು ಕೊಡಲೇಬಾರದು. ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಹಿಮ್ಮುಖ ಸೀಟಿನಲ್ಲಿರುವ ಕೂಸು ಉಸಿರುಗಟ್ಟಿದರೆ ಮುಂದೆ ಕೂತವರಿಗೆ ಕಾಣುವುದೂ ಇಲ್ಲ. ಉಸಿರುಗಟ್ಟುವಾಗ ಸದ್ದು ಬರುತ್ತದೆ ಎಂದು ನಂಬಬೇಡಿ. ಅವರಿಗೆ ಬಾಳೆಹಣ್ಣು, ಕ್ರ್ಯಾಕರ್ ಮೇಲೆ ತೆಳ್ಳಗೆ ಸವರಿದ ಶೇಂಗಾ ಬೆಣ್ಣೆ ಸಾಕು. ಅದನ್ನೂ ಕಾರು ನಿಲ್ಲಿಸಿ, ನೇರ ಕೂರಿಸಿ ಕೊಡಿ. ವರ್ಷ ತುಂಬದ ಕೂಸಿಗೆ ಜೇನು ಬೇಡ. ಕಾರಿನಲ್ಲಿ ಹೊಟ್ಟೆ ತೊಳಸುವ ಮಕ್ಕಳಿಗೆ ಎಣ್ಣೆಯದ್ದು ಬಿಟ್ಟು ಒಣ ಕ್ರ್ಯಾಕರ್ ಸ್ವಲ್ಪ ಸ್ವಲ್ಪವೇ ಕೊಡಿ.

ಬುತ್ತಿಯ ಚೀಲವನ್ನು ಡಿಕ್ಕಿಯಲ್ಲಾಗಲೀ ಹಿಂದಿನ ಗಾಜಿನ ಕೆಳಗಾಗಲೀ ಇಡಬೇಡಿ. ಮುಂದಿನ ಸೀಟಿನ ಹಿಂದೆ, ನೆಲದ ಮೇಲೆ, ನೆರಳಿನಲ್ಲಿ ಇಡಿ. ಗಟ್ಟಿ ಡಬ್ಬಿ ಸೀಟಿನ ಮೇಲೆ ಸಡಿಲವಾಗಿದ್ದರೆ ಜೋರಾಗಿ ಬ್ರೇಕ್ ಹಾಕಿದಾಗ ಹಾರಿ ಬಡಿಯುತ್ತದೆ. ಒಬ್ಬೊಬ್ಬರ ಪಾಲನ್ನು ಸುಮಾರು 30 ಗ್ರಾಂನಂತೆ ಚಿಕ್ಕ ಡಬ್ಬಿಗಳಿಗೆ ಹಂಚಿದರೆ ಎಲ್ಲರ ಕೈ ಒಂದೇ ಡಬ್ಬಿಗೆ ಇಳಿಯುವುದಿಲ್ಲ. ಕೈಗೆ ಸ್ಯಾನಿಟೈಸರ್ ಹಚ್ಚಿದರೆ ಮುಗಿಯಿತು ಎಂದುಕೊಳ್ಳಬೇಡಿ; ಜಿಡ್ಡು, ಮಣ್ಣು ಇರುವ ಕೈ ಮೇಲೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಒಂದು ಬಾಟಲಿ ನೀರು, ಸ್ವಲ್ಪ ಸೋಪು ಬೇರೆಯಾಗಿ ಒಯ್ಯಿರಿ.

ಮನೆಗೆ ಮರಳಿದ ಮೇಲೆ ಉಳಿದ ಬೀಜಗಳಲ್ಲಿ ಒಂದನ್ನು ರುಚಿ ನೋಡಿ. ಬಿಸಿಗೆ ಅವುಗಳ ಎಣ್ಣೆ ಬೇಗ ಕಮಟಾಗುತ್ತದೆ. ಕಹಿ ಅಥವಾ ಹಳೆಯ ಎಣ್ಣೆಯ ವಾಸನೆ ಬಂದರೆ ಎಸೆಯಿರಿ, ಇಲ್ಲದಿದ್ದರೆ ಫ್ರಿಜ್‌ನಲ್ಲಿಟ್ಟು ಬೇಗ ಮುಗಿಸಿ.