ಸಣ್ಣ ಕಣವೆಂದ ಮಾತ್ರಕ್ಕೆ ತಳ ಸೇರದೆ ಇರದು

ಮಾನ್ಯ ಸಂಪಾದಕರೇ,

ಕಳೆದ ವಾರದ ವಿಜ್ಞಾನ ಪುಟದಲ್ಲಿ ಬಂದ ಲೇಖನವು, ನ್ಯಾನೊಕಣಗಳು (ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗವಾದ ನ್ಯಾನೊಮೀಟರಿನಲ್ಲಿ ಅಳೆಯುವ ಕಣಗಳು) ಅತಿ ಸೂಕ್ಷ್ಮವಾಗಿರುವುದರಿಂದಲೇ ನೀರಿನಲ್ಲಿ ತಳ ಸೇರದೆ ಉಳಿಯುತ್ತವೆ ಎಂದಿದೆ. ಇದು ಅರ್ಧ ಸತ್ಯ. ನೀರಿನ ಅಣುಗಳ ತಾಡನಕ್ಕೆ ಸಿಕ್ಕಿ ಸೂಕ್ಷ್ಮ ಕಣ ಸದಾ ಅಲೆಯುತ್ತದೆ, ನಿಜ. ಆದರೆ ಆ ಅಲೆದಾಟವೇ ಅದನ್ನು ಇನ್ನೊಂದು ಕಣಕ್ಕೆ ಡಿಕ್ಕಿ ಹೊಡೆಸುತ್ತದೆ, ಹತ್ತಿರ ಬಂದವುಗಳನ್ನು ವಾನ್ ಡರ್ ವಾಲ್ಸ್ ಆಕರ್ಷಣೆ, ಅಂದರೆ ತೀರಾ ಸಮೀಪದಲ್ಲಿ ಮಾತ್ರ ಬಲವಾಗುವ ಸೆಳೆತ, ಅಂಟಿಸಿಬಿಡುತ್ತದೆ. ಹೀಗೆ ಅಂಟಿ ದೊಡ್ಡದಾದ ಗುಂಪು ತಳ ಸೇರುತ್ತದೆ. ಒಂದು ಮಿಲಿಲೀಟರಿಗೆ ಲಕ್ಷ ಕೋಟಿ ಚಿನ್ನದ ಕಣಗಳಿದ್ದು ನಡುವೆ ತಡೆಯೇ ಇಲ್ಲದಿದ್ದರೆ, ಕಣಗಳ ಡಿಕ್ಕಿಯ ವೇಗವನ್ನು ಲೆಕ್ಕಹಾಕಿದ ಭೌತವಿಜ್ಞಾನಿ ಸ್ಮೊಲುಕೋವ್‌ಸ್ಕಿ ಅವರ ಸೂತ್ರದ ಪ್ರಕಾರ, ಒಂದು ಸೆಕೆಂಡಿನೊಳಗೆ ಅವುಗಳ ಸಂಖ್ಯೆ ಅರ್ಧಕ್ಕಿಳಿಯಬೇಕು. ಫ್ಯಾರಡೆ 1850ರ ದಶಕದಲ್ಲಿ ತಯಾರಿಸಿದ ಚಿನ್ನದ ದ್ರವವಾದರೋ (ಚಿನ್ನದ ಸೂಕ್ಷ್ಮ ಕಣಗಳು ತೇಲುವ ನೀರು) ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಇಂದಿಗೂ ಇದೆ.

ಅದನ್ನು ಕಾಯುತ್ತಿರುವುದು ಕಣಗಳ ವಿದ್ಯುದಾವೇಶ. ಋಣಾವೇಶದ ಕಣದ ಸುತ್ತ ಧನ ಅಯಾನುಗಳ (ಧನಾವೇಶ ಹೊತ್ತ ಪರಮಾಣು ಅಥವಾ ಅಣುಗಳ) ಮೋಡ ಕವಿದಿರುತ್ತದೆ. ಎರಡು ಕಣಗಳು ಸಮೀಪಿಸಿದಾಗ ಮೋಡಗಳು ಒಂದರೊಳಗೊಂದು ನುಗ್ಗಿ, ನಡುವಿನ ಅಯಾನುಗಳು ಅಡ್ಡಾಡುವ ಜಾಗ ಕಳೆದುಕೊಳ್ಳುತ್ತವೆ. ಆಗ ಏರುವ ಪರಾಸರಣ ಒತ್ತಡವೇ (ಅಯಾನುಗಳು ದಟ್ಟವಾದೆಡೆಗೆ ನೀರು ನುಗ್ಗುವ ಒತ್ತಡ) ಕಣಗಳನ್ನು ದೂರ ತಳ್ಳುತ್ತದೆ. ಅಂದರೆ ಈ ವಿಕರ್ಷಣೆ ಬಹುಪಾಲು ಎಂಟ್ರೊಪಿಯ, ಅಂದರೆ ಅಯಾನುಗಳು ಹರಡಿಕೊಳ್ಳುವ ಒಲವಿನ, ಕೆಲಸ, ಲೇಖನ ಹೇಳಿದಂತೆ ಎರಡು ಆವೇಶಗಳ ನೇರ ಜಗಳವಲ್ಲ. ನೀರು ಕಾದಂತೆ ಈ ಮೋಡ ಕುಗ್ಗಿಹೋಗುತ್ತದೆ ಎಂಬ ಲೇಖನದ ಮಾತೂ ಸರಿಯಲ್ಲ: ನೀರಿನ ಡೈಎಲೆಕ್ಟ್ರಿಕ್ ಸ್ಥಿರಾಂಕ (ಆವೇಶಗಳ ನಡುವಿನ ಬಲವನ್ನು ನೀರು ಎಷ್ಟು ಪಟ್ಟು ತಗ್ಗಿಸುತ್ತದೆ ಎಂಬ ಅಳತೆ) 20 ಡಿಗ್ರಿಯಲ್ಲಿ ಸುಮಾರು 80 ಇದ್ದದ್ದು 100 ಡಿಗ್ರಿಯಲ್ಲಿ ಸುಮಾರು 55ಕ್ಕೆ ಇಳಿದರೂ, ಏರಿದ ತಾಪವೇ ಅದನ್ನು ಬಹುಮಟ್ಟಿಗೆ ಸರಿದೂಗಿಸುವುದರಿಂದ ಮೋಡದ ದಪ್ಪ ಶೇ 6ರಷ್ಟು ಮಾತ್ರ ತಗ್ಗುತ್ತದೆ.

ನಿಜವಾದ ಶತ್ರು ಉಪ್ಪು. ಅದರ ಅಯಾನುಗಳು ಕಣದ ಆವೇಶವನ್ನು ಮರೆಮಾಡಿ ಮೋಡವನ್ನು ತೆಳುವಾಗಿಸುತ್ತವೆ; ಆಗ ಕಣಗಳು ಅಂಟಿಕೊಳ್ಳುವಷ್ಟು ಹತ್ತಿರ ಬರುತ್ತವೆ. ಲೀಟರಿಗೆ ಒಂದು ಮಿಲಿಮೋಲ್ (ಸುಮಾರು 0.06 ಗ್ರಾಂ) ಅಡುಗೆ ಉಪ್ಪಿದ್ದರೆ ಮೋಡದ ದಪ್ಪ ಸುಮಾರು 10 ನ್ಯಾನೊಮೀಟರ್. ನೂರು ಮಿಲಿಮೋಲ್ ಆದರೆ ಒಂದೇ ನ್ಯಾನೊಮೀಟರ್. ನದಿ ಹೊತ್ತು ತಂದ ಜೇಡಿಕಣಗಳು ಅಳಿವೆಯಲ್ಲಿ ಉಪ್ಪುನೀರು ಸೋಕುತ್ತಲೇ ಗುಂಪುಗೂಡುವುದು ಇದರಿಂದಲೇ. ಉಪ್ಪು ಕಳೆದ ನೀರಿನಲ್ಲಿಯಾದರೆ ಸಿಲಿಕಾ ಕಣಗಳು ಪರಸ್ಪರ ನಿಯತ ಅಂತರ ಕಾಯ್ದುಕೊಳ್ಳುತ್ತವೆ. ಮುಂಬೈನ ಟ್ರಾಂಬೆಯ ಧ್ರುವ ಸಂಶೋಧನಾ ಪರಮಾಣು ರಿಯಾಕ್ಟರಿನಲ್ಲಿ ನಡೆಸುವಂಥ ನ್ಯೂಟ್ರಾನ್ ಚದುರಿಕೆಯ ಪ್ರಯೋಗಗಳಲ್ಲಿ (ನ್ಯೂಟ್ರಾನ್‌ಗಳನ್ನು ಹಾಯಿಸಿ ಅವು ಚದುರುವ ಬಗೆಯನ್ನು ಅಳೆಯುವುದು) ಈ ಅಂತರ ನಕ್ಷೆಯಲ್ಲಿ ಸ್ಪಷ್ಟ ಶೃಂಗವಾಗಿ ಕಾಣುತ್ತದೆ, ಉಪ್ಪು ಬೆರೆತಂತೆ ಮಸುಕಾಗುತ್ತದೆ.

ಈ ಕಾರಣಕ್ಕೆ ಲೇಖನದ ಜತೆಗಿನ ‘ನೀವೇ ಮಾಡಿ ನೋಡಿ’ ಚೌಕಟ್ಟಿನಲ್ಲಿ ಚಿನ್ನದ ದ್ರವವನ್ನು ತೆಳುವಾಗಿಸಲು ಕುಡಿಯುವ ನೀರು ಸಾಕು ಎಂದಿರುವುದನ್ನು ತಿದ್ದಬೇಕು. ಕೊಳವೆಬಾವಿಯ ನೀರಿನ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಅಯಾನುಗಳಿಗೆ ಎರಡೆರಡು ಆವೇಶಗಳಿದ್ದು, ಅವು ಅಡುಗೆ ಉಪ್ಪಿಗಿಂತ ಎಷ್ಟೋ ಕಡಿಮೆ ಪ್ರಮಾಣದಲ್ಲೇ ಕಣಗಳನ್ನು ಕೂಡಿಸಿಬಿಡುತ್ತವೆ. ಹೀಗೆ ಕಣಗಳು ಕೂಡಿ ಕೆಂಪು ದ್ರವ ನೀಲಿಗೆ ತಿರುಗಿದಾಗ ವಿದ್ಯಾರ್ಥಿಗಳು ರಾಸಾಯನಿಕವೇ ಕಳಪೆಯೆಂದು ದೂರಿದ್ದನ್ನು ನಾನು ಹಲವು ಬಾರಿ ಕಂಡಿದ್ದೇನೆ. ಅಲ್ಲಿ ಬಟ್ಟಿ ಇಳಿಸಿದ ನೀರು ಎಂದೇ ನಮೂದಿಸಬೇಕೆಂದು ಕೋರುತ್ತೇನೆ.

ಇಂತು,
ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ, ಮೈಸೂರು