ಪಾಶ್ಚಾತ್ಯ ಗಾಯನದಲ್ಲೂ ಮನೋಧರ್ಮವಿತ್ತು

ಮಾನ್ಯ ಸಂಪಾದಕರೇ,

ನಮ್ಮ ಸಂಗೀತವನ್ನೂ ಪಾಶ್ಚಾತ್ಯ ಸಂಗೀತವನ್ನೂ ಹೋಲಿಸಿ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನದಲ್ಲಿ, ಅಲ್ಲಿನ ಗಾಯಕರು ಹಾಳೆಯ ಮೇಲೆ ಬರೆದುದನ್ನಷ್ಟೇ ಒಪ್ಪಿಸುತ್ತಾರೆ, ಮನೋಧರ್ಮಕ್ಕೆ, ಎಂದರೆ ಹಾಡುವಾಗಲೇ ಸ್ವಂತವಾಗಿ ಕಲ್ಪಿಸಿ ಬೆಳೆಸುವುದಕ್ಕೆ, ಅಲ್ಲಿ ಎಡೆಯೇ ಇಲ್ಲ ಎಂಬರ್ಥದ ಮಾತಿದೆ. ಸಂಗೀತ ಸಭೆಗಳ ಭಾಷಣಗಳಲ್ಲಿ ಈ ಮಾತನ್ನು ಕೇಳಿ ಕೇಳಿ ನಮಗೆ ಅಭ್ಯಾಸವಾಗಿಬಿಟ್ಟಿದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದೀಚಿನ ಒಪೆರಾ (ಸಂಗೀತ ನಾಟಕ) ಗಾಯನದ ಬಗ್ಗೆ ಹೇಳುವುದಾದರೆ ಇದನ್ನು ಬಹುಮಟ್ಟಿಗೆ ಒಪ್ಪಬಹುದು. ಅದಕ್ಕೂ ಹಿಂದಿನ ಇನ್ನೂರು ಮುನ್ನೂರು ವರ್ಷಗಳ ಗಾಯನಕ್ಕೆ ಇದು ಸುತರಾಂ ಸಲ್ಲದು. ಇಂಗ್ಲೆಂಡಿನ ಟೆನರ್ (ಗಂಡಸರ ಎತ್ತರದ ದನಿಯ) ಗಾಯಕ ನೈಜಲ್ ರೋಜರ್ಸ್ ಅವರ ವೃತ್ತಿಜೀವನವನ್ನು ನೋಡಿದರೂ ಇದು ತಿಳಿಯುತ್ತದೆ.

1935ರಲ್ಲಿ ಶ್ರಾಪ್‌ಶೈರ್ ಸೀಮೆಯ ವೆಲಿಂಗ್ಟನ್‌ನಲ್ಲಿ ಹುಟ್ಟಿದ ರೋಜರ್ಸ್, ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನ ಗಾಯಕವೃಂದದಲ್ಲಿ ಹಾಡಿ, ಆಮೇಲೆ ಇಟಲಿಯಲ್ಲೂ ಮ್ಯೂನಿಕ್‌ನಲ್ಲೂ ಕಲಿತರು. ಆ ಕಾಲದಲ್ಲಿ ತರಬೇತಾದ ಟೆನರ್ ದನಿಯವರಿಗೆ ಹೆಸರು, ಹಣ ಎರಡೂ ಇದ್ದದ್ದು ಇಟಲಿಯ ಸಂಯೋಜಕರಾದ ವೆರ್ದಿ, ಪುಚ್ಚೀನಿಯವರ ಒಪೆರಾಗಳಲ್ಲಿ. ರೋಜರ್ಸ್ ಅತ್ತ ಹೋಗದೆ, 1960ರ ದಶಕದ ಆರಂಭದಲ್ಲಿ ಲ್ಯೂಟ್ ಎಂಬ ತಂತಿವಾದ್ಯದ ವಾದಕ ಥಾಮಸ್ ಬಿಂಕ್ಲಿ ಮೊದಲಾದವರ ಜೊತೆಗೂಡಿ ಮ್ಯೂನಿಕ್‌ನಲ್ಲಿ ಮಧ್ಯಯುಗದ ಹಾಗೂ ಪುನರುಜ್ಜೀವನ ಕಾಲದ ಹಾಡುಗಳಿಗೆಂದೇ ಒಂದು ಪುಟ್ಟ ತಂಡ ಕಟ್ಟಿದರು. ಕೆಲವೇ ವರ್ಷಗಳಲ್ಲಿ ಅದನ್ನು ಬಿಟ್ಟು ಏಕವ್ಯಕ್ತಿ ಗಾಯಕರಾದ ಮೇಲೆ ಅವರ ಗಮನವೆಲ್ಲ ಹದಿನೇಳನೆಯ ಶತಮಾನದ ಇಟಲಿಯ ಮೇಲೆ, ಅದರಲ್ಲೂ ಸಂಯೋಜಕ ಮೊಂತೆವೆರ್ದಿಯ ಮೇಲೆ ನಿಂತಿತು.

ಈ ಹಾಡುಗಳ ಸ್ವರಲಿಪಿ ಗ್ರಂಥಾಲಯಗಳಲ್ಲಿ ಸಿಗುತ್ತಿತ್ತು, ಆದರೆ ಅವನ್ನು ಹಾಡುವ ಕಂಠವೇ ಮರೆಯಾಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ರಂಗಮಂದಿರಗಳು ದೊಡ್ಡವಾದವು, ವಾದ್ಯವೃಂದಗಳು ಹಿಗ್ಗಿದವು, ಅವುಗಳ ಸದ್ದನ್ನು ಸೀಳಿಕೊಂಡು ಹೋಗುವ ಭಾರಿ ಶಾರೀರಕ್ಕೆ ಬೆಲೆ ಬಂತು. 1837ರಲ್ಲಿ ಪ್ಯಾರಿಸ್ಸಿನಲ್ಲಿ ಡ್ಯೂಪ್ರೆ ಎಂಬ ಟೆನರ್ ತಾರಸ್ಥಾಯಿಯ ತುತ್ತತುದಿಯ ಸ್ವರವನ್ನು ಎದೆದನಿಯಲ್ಲೇ ಮೊಳಗಿಸಿದ ಮೇಲಂತೂ ಜನ ಎಲ್ಲ ಟೆನರ್‌ಗಳಿಂದಲೂ ಅದನ್ನೇ ಬಯಸತೊಡಗಿದರು. ಹಾಗೆ ಬಲಿತ ಕಂಠದಲ್ಲಿ ಮೊಂತೆವೆರ್ದಿಯ ಸಣ್ಣ ಸಣ್ಣ ತ್ವರಿತ ಸ್ವರಗಳು ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗುತ್ತವೆ. ರೋಜರ್ಸ್ ಅವುಗಳನ್ನು ಗಂಟಲಿನಲ್ಲೇ ಹಗುರವಾಗಿ, ಒಂದೊಂದೂ ಬಿಡಿಬಿಡಿಯಾಗಿ ಕೇಳುವಂತೆ ಹಾಡಿದರು. ಇದು ಅವರ ಕಲ್ಪನೆಯೇನಲ್ಲ. 1602ರಲ್ಲಿ ಹೊರಬಂದ ತನ್ನ ಹಾಡುಗಳ ಸಂಕಲನದ ಮುನ್ನುಡಿಯಲ್ಲಿ ಫ್ಲಾರೆನ್ಸಿನ ಗಾಯಕ ಜೂಲಿಯೋ ಕಚ್ಚೀನಿ, ಒಂದೇ ಸ್ವರವನ್ನು ‘ಆ’ ಎಂಬ ಸ್ವರಾಕ್ಷರದ ಮೇಲೆ ಗಂಟಲಿನಿಂದ ಮತ್ತೆ ಮತ್ತೆ ಮಿಡಿದು ಸಾಧಿಸಬೇಕೆಂದು ಪಾಠ ಹೇಳಿದ್ದಾನೆ. ಅಕಾರ ಸಾಧನೆ ಮಾಡಿದ ನಮ್ಮ ಯಾವ ವಿದ್ಯಾರ್ಥಿಗೂ ಇದು ಹೊಸದೆನಿಸಲಾರದು. ಸಾಹಿತ್ಯದ ಭಾವವನ್ನು ಲೆಕ್ಕಿಸದೆ ಎಲ್ಲೆಂದರಲ್ಲಿ ಅಲಂಕಾರ ಸುರಿಯುವವರನ್ನೂ ಅದೇ ಮುನ್ನುಡಿ ತರಾಟೆಗೆ ತೆಗೆದುಕೊಳ್ಳುತ್ತದೆ. ನಮ್ಮ ಕಛೇರಿಗಳ ಮೊದಲ ಸಾಲಿನಲ್ಲಿ ಕೂರುವ ಹಿರಿಯರು ದಿನವೂ ಆಡುವ ದೂರು ಇದೇ.

ಮನೋಧರ್ಮದ ವಿಷಯಕ್ಕೆ ಬರುತ್ತೇನೆ. ಮೊಂತೆವೆರ್ದಿಯ ‘ಒರ್ಫೆಯೊ’ ಒಪೆರಾ 1607ರಲ್ಲಿ ಮಾಂತುವಾದಲ್ಲಿ ಮೊದಲು ಪ್ರದರ್ಶನಗೊಂಡಿತು. ಅದರ ಮೂರನೆಯ ಅಂಕದಲ್ಲಿ ಸತ್ತ ಹೆಂಡತಿಯನ್ನು ಕರೆತರಲು ಹೊರಟ ಒರ್ಫೆಯೊ, ಪಾತಾಳದ ನದಿಯನ್ನು ದಾಟಿಸೆಂದು ಅಂಬಿಗನನ್ನು ಹಾಡಿನಿಂದಲೇ ಒಲಿಸಲು ನೋಡುತ್ತಾನೆ. 1609ರಲ್ಲಿ ವೆನಿಸ್ಸಿನಲ್ಲಿ ಅಚ್ಚಾದ ಪ್ರತಿಯಲ್ಲಿ ಈ ಹಾಡಿಗೆ ಒಂದರ ಕೆಳಗೊಂದು ಎರಡು ಸಾಲು ಸ್ವರಲಿಪಿಯಿದೆ. ಒಂದು ಬರಿಯ ರಾಗಸಂಚಾರ, ಕೆಲವೇ ದೀರ್ಘಸ್ವರಗಳು. ಇನ್ನೊಂದರಲ್ಲಿ ಅದೇ ಸಂಚಾರ ಓಟದ ಸ್ವರಗಳಿಂದ, ಕಂಪನಗಳಿಂದ ಕಿಕ್ಕಿರಿದಿದೆ. ಗಾಯಕನು ಎರಡರಲ್ಲಿ ಒಂದನ್ನಷ್ಟೇ ಹಾಡಬೇಕು ಎಂಬ ಸೂಚನೆ ಮೇಲ್ಗಡೆ ಇದೆ. ಬಲ್ಲವನು ಮೊದಲನೆಯದನ್ನು ಹಿಡಿದು ತನ್ನದೇ ಅಲಂಕಾರ ಕಟ್ಟಲಿ, ಇಲ್ಲದವನು ಎರಡನೆಯದನ್ನು ಮಾದರಿಯಾಗಿ ಇಟ್ಟುಕೊಳ್ಳಲಿ ಎಂಬುದೇ ಇದರ ಇಂಗಿತವೆಂದು ನಾನು ತಿಳಿಯುತ್ತೇನೆ. ನಮ್ಮ ಮೇಷ್ಟರು ಸಂಗತಿಗಳನ್ನು (ಒಂದೇ ಸಾಲನ್ನು ಬಗೆಬಗೆಯಾಗಿ ಹಾಡುವ ರೀತಿಗಳನ್ನು) ಬರೆದುಕೊಡುವುದೂ ಇದಕ್ಕೇ ಅಲ್ಲವೇ? ಚರಣದಿಂದ ಚರಣಕ್ಕೆ ಪಕ್ಕವಾದ್ಯ ಬದಲಾಗುತ್ತದೆ: ಮೊದಲು ಎರಡು ಪಿಟೀಲು, ಆಮೇಲೆ ಎರಡು ಕಾರ್ನೆಟ್ಟೊ ಎಂಬ ಊದುವಾದ್ಯ, ಆಮೇಲೆ ಹಾರ್ಪ್. ಕಡೆಗೆ ಅಲಂಕಾರಗಳೆಲ್ಲ ಕಳಚಿ, ತಂತಿವಾದ್ಯಗಳ ಮೆಲುದನಿಯ ಮೇಲೆ ನೇರವಾದ ಬೇಡಿಕೆಯೊಂದೇ ಉಳಿಯುತ್ತದೆ. ರೋಜರ್ಸ್ ಈ ಪಾತ್ರವನ್ನು ಎರಡು ಸಲ, 1970ರ ದಶಕದಲ್ಲೊಮ್ಮೆ, 1980ರ ದಶಕದಲ್ಲೊಮ್ಮೆ, ಧ್ವನಿಮುದ್ರಿಸಿದರು. ಅವರ ಶಾರೀರ ಜೇನಿನಂಥದ್ದಲ್ಲ, ಕೊಂಚ ಒಣಕಲು ಎನಿಸುವುದೂ ಉಂಟು. ಆದರೆ ಆ ಕೊನೆಯ ಬೇಡಿಕೆಯಲ್ಲಿ ಅವರು ದನಿಯನ್ನು ಇಳಿಸುವ ಬಗೆಗೆ ಸಾಟಿಯಾದುದನ್ನು ನಾನು ಕೇಳಿಲ್ಲ.

ಪ್ರಾಚೀನ ಸಂಗೀತದ ಟೆನರ್‌ಗಳಿಗೆ ಇನ್ನೊಂದು ದೊಡ್ಡ ಕೆಲಸವೆಂದರೆ ಜರ್ಮನ್ ಸಂಯೋಜಕ ಬಾಖ್‌ನ ‘ಪ್ಯಾಶನ್’ ಕೃತಿಗಳಲ್ಲಿ ಸುವಾರ್ತೆಯನ್ನು, ಎಂದರೆ ಬೈಬಲ್ಲಿನ ಏಸುವಿನ ಕೊನೆಯ ದಿನಗಳ ಕಥೆಯನ್ನು, ನಿರೂಪಿಸುವುದು. ನಮ್ಮ ಗಮಕಿಗಳು ಕುಮಾರವ್ಯಾಸನನ್ನು ವಾಚಿಸುವಂತೆ, ಇಲ್ಲಿಯೂ ಮಾತಿನ ಗತಿಯೇ ಲಯವನ್ನು ನಿರ್ಧರಿಸುತ್ತದೆ. ವಿಯೆನ್ನಾದ ಕುರ್ಟ್ ಎಕ್ವಿಲುಟ್ಸ್ ದಶಕಗಳ ಕಾಲ ಅಲ್ಲಿನ ಸರ್ಕಾರಿ ಒಪೆರಾದಲ್ಲಿ ಸಣ್ಣಪುಟ್ಟ ಪಾತ್ರಗಳನ್ನು ಮಾಡಿಕೊಂಡಿದ್ದವರು. ಜಗತ್ತು ಅವರನ್ನು ನೆನೆಯುವುದು ವಾದ್ಯವೃಂದ ನಿರ್ದೇಶಕ ಹಾರ್ನೊನ್‌ಕೂರ್ ಅವರ ಧ್ವನಿಮುದ್ರಣಗಳಲ್ಲಿನ ಈ ನಿರೂಪಣೆಗಾಗಿ. ಅವರೂ ರೋಜರ್ಸ್ ಅವರೂ 2022ರಲ್ಲಿ ತೀರಿಕೊಂಡರು. ನಮ್ಮ ಕನ್ನಡ ಪತ್ರಿಕೆಗಳಲ್ಲಿ ಇಬ್ಬರ ಬಗ್ಗೆಯೂ ಒಂದು ಸಾಲು ನನ್ನ ಕಣ್ಣಿಗೆ ಬೀಳಲಿಲ್ಲ.

ಇಂಥ ವೃತ್ತಿಯಲ್ಲಿ ಪಾಠ ಹೇಳುವುದೂ ಹಾಡುವಷ್ಟೇ ಮುಖ್ಯ. ರೋಜರ್ಸ್ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿರುವ ಪ್ರಾಚೀನ ಸಂಗೀತದ ಶಾಲೆ ಸ್ಕೋಲಾ ಕಾಂಟೋರುಮ್‌ನಲ್ಲೂ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್‌ನಲ್ಲೂ ಕಲಿಸಿದರು, 1979ರಲ್ಲಿ ‘ಕಿಯಾರೊಸ್ಕುರೊ’ ಎಂಬ ತಂಡ ಕಟ್ಟಿದರು. ಮುಂದಿನ ತಲೆಮಾರಿನ ಟೆನರ್ ಪಾಲ್ ಆಗ್ನ್ಯೂ ಫ್ರಾನ್ಸಿನ ‘ಲೆಸ್ ಆರ್ ಫ್ಲೊರಿಸಾಂ’ ತಂಡದಿಂದ ಮೊಂತೆವೆರ್ದಿಯ ಮ್ಯಾಡ್ರಿಗಲ್ಲುಗಳನ್ನೆಲ್ಲ (ಹಲವು ದನಿಗಳ ಹಾಡುಗಳನ್ನೆಲ್ಲ) ಹಾಡಿಸಿದ್ದಾರೆ.

ಸ್ವತಃ ಕರ್ನಾಟಕ ಸಂಗೀತದ ಕೃತಿಗಳನ್ನು ರಚಿಸಿ, ಜೊತೆಗೇ ರಷ್ಯಾದ ಸಂಯೋಜಕ ಮೆಟ್ನರ್ ಅವರ ಧ್ವನಿಮುದ್ರಣಗಳಿಗೆ ಹಣ ಒದಗಿಸಿದ ಜಯಚಾಮರಾಜೇಂದ್ರ ಒಡೆಯರ್ ಅವರ ಊರಿನಿಂದ ಈ ಪತ್ರ ಬರೆಯುತ್ತಿದ್ದೇನೆ. ಇಲ್ಲಿನ ಓದುಗರಿಗೆ ಎರಡು ಸಂಗೀತಗಳ ಹೋಲಿಕೆ ಹೊಸದಲ್ಲ, ಆದ್ದರಿಂದ ಅದು ಇನ್ನಷ್ಟು ಎಚ್ಚರದಿಂದ ನಡೆಯಬೇಕು. ಇನ್ನು ಮುಂದೆ ಇಂಥ ಲೇಖನ ಪ್ರಕಟಿಸುವಾಗ, ಹೇಳುತ್ತಿರುವುದು ಯಾವ ಕಾಲದ, ಯಾವ ದೇಶದ ಸಂಗೀತದ ಬಗ್ಗೆ ಎಂಬುದನ್ನು ಲೇಖಕರಿಂದ ಕೇಳಿ ಸ್ಪಷ್ಟಪಡಿಸಿಕೊಳ್ಳಬೇಕಾಗಿ ಕೋರುತ್ತೇನೆ. ಲೇಖಕರು ಒಮ್ಮೆ 1609ರ ಆ ಎರಡು ಸಾಲುಗಳನ್ನು ಮುಂದಿಟ್ಟುಕೊಂಡು ರೋಜರ್ಸ್ ಅವರ ಹಾಡಿಕೆ ಕೇಳಿ, ತಮ್ಮ ಅಭಿಪ್ರಾಯವನ್ನು ಇದೇ ಪುರವಣಿಯಲ್ಲಿ ಬರೆದರೆ ಸಂತೋಷ.

ಇಂತಿ,
ನಿಮ್ಮ ಓದುಗ, ಮೈಸೂರು